ಏನೂ ಇಲ್ಲದ ಮೂಲೆ

“ಆ ಮೂಲೆಯಲ್ಲಿ ಏನೂ ಇಲ್ಲ ಸಾರ್” ಎಂದು ಧಣಿ ಹೇಳಿದಾಗ ನಾನು ಅವನ ಅಂಗಳದಲ್ಲೇ ಇದ್ದೆ. ತಲೆಯ ಮೇಲೆ ಗೊಬ್ಬರದ ಬುಟ್ಟಿ. ಗೊಬ್ಬರದ ನೀರು ಕಿವಿಯ ಹಿಂದಿನಿಂದ ಇಳಿದು ಕುತ್ತಿಗೆಗೆ ಬರುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಆ ಮೂಲೆಯಲ್ಲಿ ನನ್ನ ಮಗಳಿದ್ದಳು.

ಧಣಿಯ ಎದುರು ಕುರ್ಚಿಯಲ್ಲಿ ಕೂತಿದ್ದವನು ಕರೆಂಟಿನ ಕಂಪನಿಯವನು. ಎಲ್ಲಿಂದಲೋ ಎಲ್ಲಿಗೋ ದೊಡ್ಡ ತಂತಿ ಎಳೆಯುತ್ತಿದ್ದರು. ತಂತಿ ಹೊರಲು ಕಬ್ಬಿಣದ ಟವರ್ ಬೇಕು. ಟವರ್ ನಿಲ್ಲಲು ನೆಲ ಬೇಕು. ನೆಲ ಇದ್ದವರ ಮನೆಗೆ ಹೋಗಿ ಅವರನ್ನು ಒಪ್ಪಿಸುವುದೇ ಇವನ ಕೆಲಸ. ನಾವು ಸಾಲುಮನೆಯವರು ಅವನಿಗೆ ‘ಒಪ್ಪಿಸೋ ಸಾಹೇಬ’ ಎಂದು ಹೆಸರಿಟ್ಟಿದ್ದೆವು. ಕೆಟ್ಟವನಲ್ಲ. ಮೆತ್ತಗೆ ಮಾತಾಡುತ್ತಿದ್ದ. ಬಾಗಿಲಲ್ಲಿ ಷೂ ಬಿಚ್ಚುತ್ತಿದ್ದ. ನೆಲ ಇದ್ದವರ ಬಾಗಿಲಲ್ಲಿ.

“ನೀರಾವರಿ ಹೊಲದಲ್ಲಿ ಟವರ್ ಬೇಡವೇ ಬೇಡ” ಎಂದ ಧಣಿ. “ಆ ಕಲ್ಲುಮೂಲೆಗೆ ತಗೊಂಡ್ಹೋಗಿ. ಅಲ್ಲಾದ್ರೆ ನನ್ನ ಅಡ್ಡಿ ಇಲ್ಲ.”

“ಅಲ್ಲಿಗೆ ಮಿಷಿನ್ ಹೋಗುತ್ತಾ ಸಾರ್?”

“ಮಿಷಿನ್ ಬಿಡಲ್ಲ. ನೆಲದಡಿ ನನ್ನ ಪೈಪ್ ಇದೆ, ಒಡೆದ್ಹೋಗುತ್ತೆ. ಕೈಯಲ್ಲಿ ಅಗೆಸಿ. ಟ್ರ್ಯಾಕ್ಟರ್ ಬೇಕಾದ್ರೆ ಬದುವಿನ ಮೇಲೆ ಬರಲಿ. ಅಗೆದ ಮಣ್ಣು ಒಂದು ಹಿಡಿ ಕೂಡ ನನ್ನ ಬೆಳೆ ಮೇಲೆ ಬೀಳಬಾರದು. ಎಲ್ಲ ಹೊರಗೆ ಸಾಗಿಸ್ಬೇಕು.”

“ಆಯ್ತು ಸಾರ್. ಲಾರಿ ಓಡಾಡೋಕೆ ಆ ಕಡೆಯ ತಗ್ಗು ದಾರಿ ಕೊಡ್ತೀರಾ?”

“ಕೊಡೋಣ. ಕೆಲಸ ಮುಗಿದ ಮೇಲೆ ಆ ರಸ್ತೆ ನನಗೆ ಬಿಟ್ಟು ಹೋಗ್ಬೇಕು.”

ಎಲ್ಲದರ ಮಾತೂ ಆಯಿತು. ಪೈಪಿನ ಮಾತು ಆಯಿತು. ಬೇಲಿಯ ಮಾತು ಆಯಿತು. ದಾರಿಗೆ ಅಡ್ಡ ಬರುವ ಹುಣಸೆಮರಕ್ಕೆ ಪರಿಹಾರದ ಮಾತು ಆಯಿತು. ಲಾರಿ ಸದ್ದಿಗೆ ಹಸು ಹಾಲು ಕಡಿಮೆ ಕೊಟ್ಟರೆ ಏನು ಕತೆ ಎಂದು ಧಣಿಯ ಹೆಂಡತಿ ಒಳಗಿನಿಂದ ಕೇಳಿದಳು. ಒಪ್ಪಿಸೋ ಸಾಹೇಬ ಅದಕ್ಕೂ ತಲೆಯಾಡಿಸಿದ. ಕೊನೆಗೆ ಅವನೇ ಕೇಳಿದ:

“ಆ ಮೂಲೆಯಲ್ಲಿ ಬೇರೆ ಯಾರದ್ದಾದ್ರೂ ತಕರಾರು? ಗುಡಿ, ಸಮಾಧಿ, ಅಂಥದ್ದೇನಾದ್ರೂ?”

ಆಗಲೇ ಧಣಿ ಆ ಮಾತು ಹೇಳಿದ್ದು. ಹೇಳುವಾಗ ಅವನ ಕಣ್ಣು ನನ್ನ ಮೇಲೆ ಬಿತ್ತು.

“ಏನ್ ಬೊಂಬೆ ಹಂಗೆ ನಿಂತೆ? ಗೊಬ್ಬರ ನಡುಮನೆಗೆ ಇಳಿಸ್ತೀಯಾ?”

ಸಾಹೇಬ ನಕ್ಕ. ನಗದಿದ್ದರೆ ಧಣಿಗೆ ಬೇಜಾರಾಗುತ್ತಿತ್ತು. ನಾನು ಹಿತ್ತಿಲಿಗೆ ನಡೆದೆ.

*

ನಮಗೆ ನೆಲ ಇಲ್ಲ. ಸಾಲುಮನೆಗಳು ನಿಂತಿರುವುದು ರಸ್ತೆಬದಿಯ ಸರ್ಕಾರಿ ಜಾಗದಲ್ಲಿ. ಒಂದು ಗೋಡೆಗೆ ಎರಡು ಮನೆ. ಊರಿನ ಸ್ಮಶಾನಕ್ಕೆ ನಮ್ಮ ಹೆಣ ಬಿಡುವುದಿಲ್ಲ. ಹಿಂದೆ ಧಣಿಯ ಅಪ್ಪ ಆ ಕಲ್ಲುಮೂಲೆ ತೋರಿಸಿ, “ಅಲ್ಲಿ ಹೂತ್ಕೊಳ್ಳಿ. ಆದ್ರೆ ಕಟ್ಟೆ ಕಟ್ಟಬಾರ್ದು, ಕಲ್ಲು ನೆಡಬಾರ್ದು, ಗುರುತು ಇಡಬಾರ್ದು” ಎಂದಿದ್ದನಂತೆ. ಬಾಯಿ ಮಾತು. ನಮ್ಮವರು ಕೈ ಮುಗಿದು ಒಪ್ಪಿಕೊಂಡರು. ಅಂದಿನಿಂದ ಸತ್ತವರೆಲ್ಲ ಅಲ್ಲಿಗೇ. ಬದುಕಿದ್ದಾಗ ಧಣಿಯ ಹೊಲ ಅಗೆದವರು, ಸತ್ತ ಮೇಲೂ ಅವನ ಹೊಲದ ಅಂಚಿಗೆ.

ಗುರುತಿಲ್ಲದ ಮೇಲೆ ಗೊತ್ತಾಗುವುದು ಹೇಗೆ? ನನ್ನ ಮಗಳಿಗೆ ಒಂದು ಜಾಲಿಗಿಡ ಗುರುತಾಗಿತ್ತು. ನಾನು ನೆಟ್ಟದ್ದಲ್ಲ, ತಾನಾಗಿ ಹುಟ್ಟಿದ್ದು. ಆ ಗಿಡದ ಈಚೆ ನನ್ನ ಮಗಳು, ಆಚೆ ನನ್ನ ಓರಗಿತ್ತಿಯ ಮಗ.

ಓರಗಿತ್ತಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮದೇ ಗೋಡೆಯ ಆಚೆ ಮನೆ. ಒಂದೇ ಜ್ವರ ಎರಡು ಮಕ್ಕಳಿಗೂ ಬಂದಿತ್ತು. ಸಾಲುಮನೆಗೆಲ್ಲ ಇದ್ದದ್ದು ಒಂದೇ ಸೈಕಲ್. ಧಣಿಯ ಜೀಪು ಷೆಡ್ಡಿನಲ್ಲಿತ್ತು. ಕೇಳಲು ಹೋದರೆ ಬ್ಯಾಟರಿ ಇಲ್ಲ ಎಂದರು. ಮಾರನೆಯ ದಿನ ಅದೇ ಜೀಪಿನಲ್ಲಿ ಅವನ ಹೆಂಡತಿ ಪೇಟೆಗೆ ಹೋದಳು. ಯಾರ ಮಗುವನ್ನು ಸೈಕಲ್ ಮೇಲೆ ಮೊದಲು ಕಳಿಸಬೇಕೆಂದು ನಾನೂ ಓರಗಿತ್ತಿಯೂ ಬೀದಿಯಲ್ಲೇ ಕಿತ್ತಾಡಿದೆವು. ಕೊನೆಗೆ ಎರಡನ್ನೂ ಒಂದೇ ಸೈಕಲ್ ಮೇಲೆ ಒಯ್ದರು. ಎರಡೂ ಬಟ್ಟೆ ಹೊದ್ದು ವಾಪಸ್ ಬಂದವು. ಜೀಪು ಕೊಡದ ಧಣಿಗೆ ಬೈಯುವ ಧೈರ್ಯ ನಮಗಿರಲಿಲ್ಲ. ಒಬ್ಬರ ಜೊತೆ ಒಬ್ಬರು ಮಾತು ಬಿಟ್ಟೆವು. ಒಂದೇ ನಲ್ಲಿಯಲ್ಲಿ ನೀರು ಹಿಡಿದೆವು, ಒಂದೇ ಸಾಲಿನಲ್ಲಿ ಕಳೆ ಕಿತ್ತೆವು, ಮಾತಿಲ್ಲ.

ಸಂಜೆ ಒಲೆ ಹಚ್ಚಿದಾಗ ಗೋಡೆಯ ಆಚೆಯಿಂದ ಅವಳ ದನಿ ಬರುತ್ತಿತ್ತು. “ಬಾರೋ, ಆರಿ ಹೋಗುತ್ತೆ, ಉಣ್ಣು ಬಾ.” ಅವಳಿಗೆ ಬೇರೆ ಮಕ್ಕಳಿಲ್ಲ. ಯಾರನ್ನು ಕರೆಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಒಮ್ಮೊಮ್ಮೆ ಕರೆಯುವುದು ನಿಂತ ಮೇಲೆ ತಟ್ಟೆಯ ಸದ್ದು ಕೇಳುತ್ತಿತ್ತು. ನನ್ನ ಮೈ ಜುಮ್ಮೆನ್ನುತ್ತಿತ್ತು. ನಾನು ಅವಳಿಗಿಂತ ಗಟ್ಟಿಯೆಂದೇನಲ್ಲ. ಕೂತಾಗ ಇವತ್ತಿಗೂ ಎಡತೊಡೆಯ ಮೇಲೆ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಅದು ನನ್ನ ಮಗಳು ಕೂರುವ ಜಾಗ.

*

ಅವತ್ತು ಮನೆಗೆ ಬಂದವಳೇ ಅತ್ತೆಗೆ ಹೇಳಿದೆ. ಅತ್ತೆಗೆ ಕಣ್ಣು ಮಂಜು, ನಾಲಿಗೆ ಚೂರಿ. ಅವಳ ಗಂಡನೂ ಆ ಮೂಲೆಯಲ್ಲೇ ಇದ್ದ. ಅವಳ ಅತ್ತೆಯೂ ಅಲ್ಲೇ.

“ಏನೂ ಇಲ್ಲ ಅಂದ್ನಾ? ನನ್ನ ಗಂಡ ಅಷ್ಟು ದಪ್ಪ ಇದ್ದ. ಏನೂ ಇಲ್ಲ ಅನ್ನೋ ಹಾಗೆ ಇರ್ಲಿಲ್ಲ ಬಿಡು” ಎಂದಳು. ಆಮೇಲೆ ಕೋಲು ಹುಡುಕಿಕೊಂಡು ಎದ್ದಳು.

ನಾವು ಧಣಿಯ ಮನೆಗೆ ಹೋದೆವು. ಅಂಗಳದ ಆಚೆ ನಿಂತೆವು. ನನ್ನ ಗಂಡ ಟವೆಲ್ ಕೈಯಲ್ಲಿ ಹಿಡಿದು ಮಾತು ಶುರು ಮಾಡಿದ. ಧಣಿ ಪೂರ್ತಿ ಕೇಳಲೇ ಇಲ್ಲ.

“ನಮ್ಮಪ್ಪ ಕರುಣೆಯಿಂದ ಬಿಟ್ಟ ಜಾಗ ಅದು. ಕರುಣೆನ ಹಕ್ಕು ಮಾಡ್ಕೊಳ್ಳೋಕೆ ಬಂದ್ರಾ?”

“ಹಕ್ಕಲ್ಲ ಧಣಿ. ನಮ್ಮೋರು ಮಲಗಿದ್ದಾರೆ.”

“ಎಲ್ಲಿ? ತೋರಿಸು. ಒಂದು ಗುರುತು ತೋರಿಸು.”

“ಗುರುತು ಇಡಬಾರ್ದು ಅಂದಿದ್ದು ನಿಮ್ಮಪ್ಪ ತಾನೇ?” ಎಂದಳು ಅತ್ತೆ.

“ನಮ್ಮಪ್ಪ ಸತ್ತಿದ್ದಾರೆ. ಹೋಗಿ ಅವರನ್ನೇ ಕೇಳು.”

“ಕೇಳ್ತೀನಿ ಧಣಿ. ಹೋಗೋ ದಿನ ಹತ್ರಾನೇ ಇದೆ.”

ಒಪ್ಪಿಸೋ ಸಾಹೇಬನ ಹತ್ತಿರವೂ ಹೋದೆವು. ತಗಡಿನ ಷೆಡ್ಡಿನಲ್ಲಿ ಅವನ ಆಫೀಸು. ಗೋಡೆ ತುಂಬ ನಕ್ಷೆ. ನಕ್ಷೆಯಲ್ಲಿ ಧಣಿಯ ಬಾವಿ ಇತ್ತು, ಮನೆ ಇತ್ತು, ಪಂಪಿನ ಕೋಣೆ ಇತ್ತು. ಆ ಮೂಲೆ ಬಿಳಿ ಬಿಳಿ ಇತ್ತು. ಅವನು ನಮ್ಮನ್ನು ಕೂರಿಸಿದ. ನೀರು ಕೊಡಿಸಿದ. ಕೂತಿದ್ದರಿಂದಲೇ ನಮಗೆ ಮಾತು ಮರೆತುಹೋಯಿತು. ಕುರ್ಚಿಯಲ್ಲಿ ಕೂತು ಜಗಳ ಆಡಿ ನಮಗೆ ಅಭ್ಯಾಸವಿಲ್ಲ.

“ನೋಡಮ್ಮ, ನನಗೆ ಅರ್ಥ ಆಗುತ್ತೆ” ಎಂದ ಅವನು. “ಆದ್ರೆ ನಾನು ಮಾತಾಡಬೇಕಾದ್ದು ಜಮೀನಿನ ಮಾಲೀಕರ ಹತ್ರ. ಅವರು ಏನೂ ಇಲ್ಲ ಅಂದಿದ್ದಾರೆ. ನಿಮ್ಮ ಹೆಸರಲ್ಲಿ ಒಂದು ಗೇಣು ಜಾಗ ಇದ್ದಿದ್ರೂ ನಿಮ್ಮ ಮನೆಗೆ ನಾನೇ ಬರ್ತಿದ್ದೆ. ಒಂದು ಸಲ ಅಲ್ಲ, ಹತ್ತು ಸಲ.”

ಅದು ನಿಜ. ಬರುತ್ತಿದ್ದ. ಷೂ ಬಿಚ್ಚುತ್ತಿದ್ದ.

*

ಸರ್ವೆಯವರು ಮೊದಲು ಬಂದರು. ದುರ್ಬೀನಿಗೆ ಅಡ್ಡವಾಗುತ್ತದೆಂದು ಗಿಡಗಂಟಿ ಎಲ್ಲ ಸವರಿದರು. ನಾನು ಹೋಗುವಷ್ಟರಲ್ಲಿ ಜಾಲಿಗಿಡ ಇರಲಿಲ್ಲ. ಕಡಿದ ಬೊಡ್ಡೆ ಕೂಡ ಕಾಣದಂತೆ ನೆಲ ಹೆರೆದಿದ್ದರು. ಈಚೆ ಯಾವುದು, ಆಚೆ ಯಾವುದು? ನಾನು ಅಲ್ಲೇ ಸುತ್ತಿದೆ. ನನಗಿಂತ ಮೊದಲೇ ಓರಗಿತ್ತಿ ಬಂದು ನಿಂತಿದ್ದಳು. ಅವಳೂ ನೆಲ ಹುಡುಕುತ್ತಿದ್ದಳು. ಸಂಜೆಯವರೆಗೆ ಅವಳು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ, ಕಳೆದ ಉಂಗುರ ಹುಡುಕುವವರಂತೆ ಬಗ್ಗಿ ನಡೆದೆವು.

ಆಮೇಲೆ ಕಂಪನಿಯ ಮೇಸ್ತ್ರಿ ಸಾಲುಮನೆಗೆ ಬಂದ. ಟವರಿನ ಕಾಲಿಗೆ ಗುಂಡಿ ಅಗೆಯಬೇಕು, ಆಳು ಬೇಕು ಎಂದ. ನನ್ನ ಗಂಡ ಎದ್ದು ನಿಂತ. “ಬರ್ತೀವಿ” ಎಂದ.

ಅವನು ಒಳಗೆ ಬಂದಾಗ ನಾನು ಅವನ ಅಂಗಿ ಹಿಡಿದು ಎಳೆದೆ. “ನಿನಗೆ ಬುದ್ಧಿ ಇದೆಯಾ? ಮಗಳ ಎದೆ ಮೇಲೆ ಗುದ್ದಲಿ ಹಾಕ್ತೀಯಾ?”

“ನಾವು ಬಿಟ್ರೆ ಬೇರೆ ಕಡೆಯಿಂದ ಜನ ತರ್ತಾರೆ. ಅವರಿಗೇನು ಗೊತ್ತು? ಬೀಸಿ ಬೀಸಿ ಹೊಡೀತಾರೆ” ಎಂದ. “ನಾವೇ ಆದ್ರೆ ಮೆತ್ತಗೆ ಅಗೀಬಹುದು.”

ನಾನೂ ಬುಟ್ಟಿ ತೆಗೆದುಕೊಂಡೆ. ಅವನ ಅಣ್ಣ ಹಾರೆ ತಂದ. ಓರಗಿತ್ತಿಯೂ ಬಂದಳು.

ಮೊದಲ ಗುಂಡಿ ಅಗೆಯುವಾಗ ಏನೂ ಸಿಗಲಿಲ್ಲ. ಗಂಡಸರು ಹಾರೆಯನ್ನು ಎತ್ತಿ ಹಾಕುತ್ತಿರಲಿಲ್ಲ, ನೆಲಕ್ಕೆ ಒತ್ತುತ್ತಿದ್ದರು. ಗಟ್ಟಿ ನೆಲವನ್ನು ಹಾಗೆ ಒತ್ತಿ ಅಗೆದರೆ ಭುಜ ಕಿತ್ತು ಬರುತ್ತದೆ. ನನ್ನ ಗಂಡನ ಅಂಗೈ ಬೊಬ್ಬೆಯೆದ್ದು ಒಡೆಯಿತು. ಹಾರೆಯ ಹಿಡಿಗೆ ಚರ್ಮ ಅಂಟಿತು. ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ಕೊಡೆ ಹಿಡಿದು ಕೂಗುತ್ತಿದ್ದ:

“ಏನ್ರೋ, ಮಗು ತಲೆ ಬಾಚ್ತಿದ್ದೀರಾ? ಜೋರಾಗಿ ಹಾಕ್ರೋ!”

ನಾವು ಹೆಂಗಸರು ಮಣ್ಣು ಹೊತ್ತೆವು. ಗುಂಡಿಯಿಂದ ಬದುವಿಗೆ, ಬದುವಿನ ಮೇಲಿನ ಟ್ರ್ಯಾಕ್ಟರಿಗೆ. ಬುಟ್ಟಿ ಸುರಿಯುವ ಮೊದಲು ನಾನು ಕೈಯಾಡಿಸಿ ನೋಡುತ್ತಿದ್ದೆ. ಓರಗಿತ್ತಿಯೂ ನೋಡುತ್ತಿದ್ದಳು. ಮೊದಮೊದಲು. ಬಿಸಿಲೇರಿದ ಮೇಲೆ ಮೇಸ್ತ್ರಿಯ ಬೈಗುಳ ಏರಿತು. ಬುಟ್ಟಿಗಳು ಓಡಿದವು. ಟ್ರ್ಯಾಕ್ಟರ್ ತುಂಬಿ ತುಂಬಿ ಹೋಯಿತು, ಖಾಲಿ ಬಂತು, ಮತ್ತೆ ಹೋಯಿತು. ಆ ವಾರವೆಲ್ಲ ಅದೇ.

ರಾತ್ರಿ ಗೋಡೆಯಾಚೆ ದನಿ ನಿಂತುಹೋಗಿತ್ತು. ಅವಳು ಮಗನನ್ನು ಊಟಕ್ಕೆ ಕರೆಯುತ್ತಿರಲಿಲ್ಲ. ಅದು ಮೊದಲಿಗಿಂತ ಹೆದರಿಕೆ ಹುಟ್ಟಿಸಿತು.

*

ಕೊನೆಯ ಗುಂಡಿಯಲ್ಲಿ ಮೊದಲು ಸಿಕ್ಕಿದ್ದು ಒಂದು ಬಾಚಣಿಗೆ. ಮರದ್ದು, ಅರ್ಧ ಹಲ್ಲು ಉದುರಿದ್ದು. ನನ್ನ ಗಂಡ ಅದನ್ನು ಮಣ್ಣೊರೆಸಿ ಜೇಬಿಗೆ ಹಾಕಿಕೊಂಡ. ಆಮೇಲೆ ಒಂದು ದವಡೆ. ಆಮೇಲೆ ಉದ್ದದ ಎಲುಬು. ಹಾರೆಗಳು ನಿಂತವು.

ಮೇಸ್ತ್ರಿ ಬಗ್ಗಿ ನೋಡಿದ. ಅವನಿಗೂ ಗೊತ್ತಾಯಿತು. ಗೊತ್ತಾಗದೇ ಇರಲು ಅವನೇನು ಎಳೆಮಗುವೇ? ಮುಖ ಆ ಕಡೆ ತಿರುಗಿಸಿ ಹೇಳಿದ:

“ನಾಯಿದು. ಬುಟ್ಟಿಗೆ ಹಾಕಿ.”

ಯಾರೂ ಅಲ್ಲಾಡಲಿಲ್ಲ.

“ಕೇಳಿಸ್ಲಿಲ್ವಾ? ನಾಯಿ ಎಲುಬು ಅಂದೆ. ಟ್ರ್ಯಾಕ್ಟರ್ ಕಾಯ್ತಿದೆ.”

ನನ್ನ ಗಂಡ ಬಗ್ಗಿ ಆ ಎಲುಬುಗಳನ್ನು ಎತ್ತಿ ಗುಂಡಿಯ ಗೋಡೆಯ ಪಕ್ಕಕ್ಕೆ ಇಟ್ಟ. ಮತ್ತೆ ಹಾರೆ ಹಿಡಿದ. ಅವನ ಮುಖ ನೋಡಲಾಗಲಿಲ್ಲ. ನಾವು ಇನ್ನೂ ಅಗೆದೆವು. ಹೌದು, ಅಗೆದೆವು. ನಾಯಿಯದು ಅಂದಮೇಲೂ ಅಗೆದೆವು. ಹೊಟ್ಟೆ ಎಂಥ ಅವಮಾನವನ್ನೂ ನುಂಗುತ್ತದೆ.

ನಾನು ಬುಟ್ಟಿ ತುಂಬಿಸಿಕೊಳ್ಳಲು ಗುಂಡಿಗೆ ಇಳಿದಿದ್ದೆ. ಓರಗಿತ್ತಿ ಪಕ್ಕದಲ್ಲಿ ಸನಿಕೆಯಿಂದ ಮಣ್ಣು ಎಳೆಯುತ್ತಿದ್ದಳು. ಅವಳ ಸನಿಕೆ ನಿಂತಿತು. ಅವಳು ಮೊಣಕಾಲೂರಿದಳು. ಬೆರಳಿನಿಂದ ಮಣ್ಣು ಸರಿಸಿದಳು.

ಸಣ್ಣ ಸಣ್ಣ ಎಲುಬುಗಳು. ಬೆರಳಿಗಿಂತ ಸಣ್ಣವು. ಹಕ್ಕಿಯದೋ ಎನ್ನುವಂಥವು. ಆದರೆ ಹಕ್ಕಿಗೆ ಹಾಲುಹಲ್ಲು ಇರುವುದಿಲ್ಲ.

ಅವಳು ಅವುಗಳನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡಳು. ನನ್ನ ಕಡೆ ನೋಡಿದಳು. ಅಷ್ಟು ಕಾಲದ ಮೇಲೆ ನನ್ನ ಮುಖ ನೋಡಿದಳು.

“ನಿಂದಾ?” ಎಂದಳು.

ನನಗೆ ಗೊತ್ತಾಗಲಿಲ್ಲ. ಹೆತ್ತವಳಿಗೆ ಗೊತ್ತಾಗುತ್ತದೆ ಎಂದು ಜನ ಹೇಳುತ್ತಾರೆ. ಸುಳ್ಳು. ನಾನು ನೋಡಿಯೇ ನೋಡಿದೆ. ಎಣ್ಣೆ ಹಚ್ಚಿದ ಕಾಲು ಇದೇನಾ? ನನ್ನ ಬೆರಳು ಕಚ್ಚಿದ ಹಲ್ಲು ಇದೇನಾ? ಗೊತ್ತಾಗಲಿಲ್ಲ.

“ನಿನ್ನದೇನೋ ಅಕ್ಕ” ಎಂದೆ.

“ಗೊತ್ತಾಗ್ತಿಲ್ಲ ಕಣೇ.”

“ನನಗೂ.”

ಇಬ್ಬರೂ ಗುಂಡಿಯಲ್ಲೇ ಕೂತೆವು. ಅವಳ ಅಂಗೈಯ ಕೆಳಗೆ ನಾನು ನನ್ನ ಅಂಗೈ ಕೊಟ್ಟೆ. ಭಾರವೇ ಇರಲಿಲ್ಲ. ಅದನ್ನೇ ತಡೆಯಲಾಗಲಿಲ್ಲ.

ಮೇಲಿನಿಂದ ಮೇಸ್ತ್ರಿ ಕೂಗಿದ: “ಏನ್ ಮತ್ತೆ?”

ಓರಗಿತ್ತಿ ತಲೆ ಎತ್ತಿದಳು. “ಇದೂ ನಾಯಿದಾ ಅಂತ ನೋಡ್ತಿದ್ದೀವಿ. ಇಳಿದು ಬಾ. ನೀನೇ ಹೇಳು.”

ಅವನು ಇಳಿಯಲಿಲ್ಲ.

“ಬಾರೋ! ಕೊಡೆ ಮಡಚಿ ಇಟ್ಟು ಬಾ! ಇದು ನಾಯಿಮರಿ ಅಂತ ನನ್ನ ಕಣ್ಣು ನೋಡಿ ಹೇಳು!”

ಅವಳು ಹಾಗೆ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅವಳ ಗಂಡ ಹಾರೆ ಎಸೆದ. ಕಲ್ಲಿಗೆ ಬಿದ್ದು ಅದು ಠಣ್ ಎಂದಿತು. ನನ್ನ ಗಂಡ ತನ್ನ ಹಾರೆ ಎಸೆಯಲಿಲ್ಲ. ಮೆಲ್ಲಗೆ ಗೋಡೆಗೆ ಒರಗಿಸಿದ. ಆಮೇಲೆ ಹೇಳಿದ: “ಮುಚ್ಚೋಣ.”

ನಾವು ಗುಂಡಿ ಮುಚ್ಚತೊಡಗಿದೆವು. ದೊಡ್ಡವರ ಎಲುಬನ್ನು ತಳದಲ್ಲಿ ಜೋಡಿಸಿದೆವು. ಬಾಚಣಿಗೆಯನ್ನೂ ಇಟ್ಟೆವು. ಆ ಸಣ್ಣವನ್ನು ನನ್ನ ತಲೆಬಟ್ಟೆಯಲ್ಲಿ ಸುತ್ತಿ ಅವಳೂ ನಾನೂ ಸೇರಿ ಮಲಗಿಸಿದೆವು. ಅಂಚಿನಲ್ಲಿ ಬಿದ್ದಿದ್ದ ಮಣ್ಣನ್ನೆಲ್ಲ ಕೈಯಿಂದ ಎಳೆದೆವು. ಮೇಸ್ತ್ರಿ ಅರಚಿದ. ಫೋನ್ ಮಾಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗುಂಡಿ ತುಂಬಲಿಲ್ಲ. ಮೊಣಕಾಲಿನವರೆಗೆ ಬಂದು ನಿಂತಿತು. ಇನ್ನು ಮಣ್ಣಿಲ್ಲ.

ಆಗ ನಮಗೆ ಹೊಳೆಯಿತು. ಮಣ್ಣೆಲ್ಲ ಟ್ರ್ಯಾಕ್ಟರಿನಲ್ಲಿ ಹೋಗಿತ್ತು. ನಾವೇ ಹೊತ್ತು ತುಂಬಿಸಿದ್ದೆವು. ಬುಟ್ಟಿ ಓಡಿಸುವಾಗ ಯಾರೂ ಕೈಯಾಡಿಸಿ ನೋಡಿರಲಿಲ್ಲ.

ನನ್ನ ಗಂಡ ಟ್ರ್ಯಾಕ್ಟರಿನವನ ಹತ್ತಿರ ಹೋದ. “ಮಣ್ಣು ಎಲ್ಲಿ ಸುರಿದೆ ಅಣ್ಣ?”

ಅವನು ಸ್ಟೇರಿಂಗ್ ನೋಡುತ್ತ ಹೇಳಿದ: “ರಸ್ತೆಗೆ. ತಗ್ಗು ದಾರಿಗೆ ಹಾಕಿ ಹರಡಿದ್ವಿ. ಅದರ ಮೇಲೆ ರೋಲರ್ ಓಡಿದೆ.”

*

ತಗ್ಗು ದಾರಿ ಈಗ ರಸ್ತೆಯಾಗಿತ್ತು. ಮಟ್ಟವಾಗಿ, ಕೆಂಪಗೆ. ಮುಂದಿನ ಟವರುಗಳಿಗೆ ಕಬ್ಬಿಣ ಹೊತ್ತ ಲಾರಿಗಳು ಅದರ ಮೇಲೇ ಓಡುತ್ತಿದ್ದವು. ಅವತ್ತು ಬೆಳಿಗ್ಗೆ ನಾವೂ ಅದರ ಮೇಲೇ ನಡೆದು ಬಂದಿದ್ದೆವು. ಚಪ್ಪಲಿ ಹಾಕಿಕೊಂಡು. ಅದು ನೆನಪಾದಾಗ ನನ್ನ ಅಂಗಾಲು ಉರಿಯಿತು.

ಅತ್ತೆಗೆ ಸುದ್ದಿ ಮುಟ್ಟಿತ್ತು. ಕೋಲೂರಿಕೊಂಡು ಬಂದಳು. ಸಾಲುಮನೆಯ ಎಲ್ಲರೂ ಅವಳ ಹಿಂದೆ. ಅತ್ತೆ ರಸ್ತೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟಳು. ನಡುವೆ ಬಂದು ಕೂತಳು. ಅಂಗೈಯಿಂದ ನೆಲ ಸವರಿದಳು.

“ಎಲ್ಲರ ಕಾಲ ಕೆಳಗೂ ಬಾಳಿದ್ರಿ” ಎಂದಳು. ನಮಗಲ್ಲ, ಮಣ್ಣಿಗೆ. “ಸತ್ತ ಮೇಲಾದ್ರೂ ಬಿಡ್ತಾರೆ ಅಂದ್ಕೊಂಡಿದ್ದೆ.”

ನನ್ನ ಗಂಡ ಹಾರೆ ಊರಿದ. ರೋಲರ್ ಓಡಿದ ಮಣ್ಣು ಕಲ್ಲಿನಂತಿತ್ತು. ಈಗ ಅವನು ಒತ್ತಲಿಲ್ಲ. ಬೀಸಿ ಹೊಡೆದ. ಗಂಡಸರು ಅಗೆದರು. ಹೆಂಗಸರು ಕೂತು ಹೆಂಟೆ ಒಡೆದೆವು. ಪ್ರತಿ ಹೆಂಟೆ ಒಡೆದು, ಬೆರಳಾಡಿಸಿ, ಬುಟ್ಟಿಗೆ ಹಾಕಿ, ಮೂಲೆಗೆ ಹೊತ್ತು ತಂದೆವು. ಬಂದ ದಾರಿಯಲ್ಲೇ ಮಣ್ಣು ವಾಪಸ್ ನಡೆಯಿತು.

ಒಂದು ಲಾರಿ ಬಂದು ನಿಂತಿತು. ಹಾರ್ನ್ ಹೊಡೆಯಿತು. ಅದರ ಹಿಂದೆ ಇನ್ನೊಂದು. ಡ್ರೈವರ್ ತಲೆ ಹೊರಗೆ ಹಾಕಿದ.

“ಏನ್ರಮ್ಮ, ರಸ್ತೆ ಯಾಕೆ ಕೀಳ್ತಿದ್ದೀರಿ?”

“ನಮ್ಮೋರನ್ನ ವಾಪಸ್ ಕರ್ಕೊಂಡು ಹೋಗ್ತಿದ್ದೀವಿ” ಎಂದಳು ಓರಗಿತ್ತಿ.

ಅವನಿಗೆ ಅರ್ಥವಾಗಲಿಲ್ಲ. ಅವಳು ಬುಟ್ಟಿ ಎತ್ತಿ ತೋರಿಸಿದಳು. ಮಣ್ಣಿನ ಮೇಲೆ ಒಂದು ಬೆರಳಿನ ಮೂಳೆ ಇತ್ತು. ಅವನು ಇಂಜಿನ್ ಆರಿಸಿದ. ಕೆಳಗಿಳಿದ. ತನ್ನ ಲಾರಿಯ ಚಕ್ರ ನೋಡಿದ. ಚಕ್ರದ ಸಂದಿಯಲ್ಲೆಲ್ಲ ಕೆಂಪು ಮಣ್ಣು ಮೆತ್ತಿತ್ತು. ಸೀಟಿನ ಕೆಳಗಿನಿಂದ ಒಂದು ಸಲಾಕೆ ತೆಗೆದು ಕೆರೆಯತೊಡಗಿದ. ಕೆರೆದದ್ದನ್ನು ಬೊಗಸೆಯಲ್ಲಿ ತಂದು ನನ್ನ ಬುಟ್ಟಿಗೆ ಹಾಕಿದ.

“ಇದು ಇವತ್ತಿಂದು ಅಷ್ಟೇ ಅಕ್ಕ” ಎಂದ. “ಮೊನ್ನೆದು, ನಿನ್ನೆದು ಎಲ್ಲೆಲ್ಲಿ ಉದುರಿದೆಯೋ ಗೊತ್ತಿಲ್ಲ.”

ಆಗ ಧಣಿಯ ಜೀಪು ಬಂತು. ಹಿಂದೆಯೇ ಒಪ್ಪಿಸೋ ಸಾಹೇಬನ ಕಾರು. ಧಣಿ ಇಳಿಯುವ ಮೊದಲೇ ಬೈದ. ಬೈದದ್ದನ್ನು ನಾನು ಇಲ್ಲಿ ಹೇಳುವುದಿಲ್ಲ. ನಮ್ಮ ಹುಟ್ಟು, ನಮ್ಮ ತಾಯಂದಿರು, ಎಲ್ಲ ಬಂತು.

“ನಾಳೆಯಿಂದ ಒಬ್ಬರೂ ನನ್ನ ಹೊಲಕ್ಕೆ ಕಾಲಿಡಬಾರ್ದು!” ಎಂದ ಕೊನೆಗೆ.

“ಇಡಲ್ಲ ಬಿಡಿ ಧಣಿ” ಎಂದಳು ಅತ್ತೆ. ನೆಲದಿಂದ ಏಳಲಿಲ್ಲ. “ಬದುಕಿದ್ದಾಗ ಬರಲ್ಲ. ಸತ್ತ ಮೇಲೆ ಬರ್ತೀವಿ. ಆಗ ಬೈದ್ರೆ ನಮಗೆ ಕೇಳಿಸೋದೂ ಇಲ್ಲ.”

ಡ್ರೈವರ್ ಕಿಸಕ್ಕೆಂದ. ಧಣಿಯ ಮುಖ ಕಪ್ಪಿಟ್ಟಿತು. ಅವನು ನನ್ನ ಗಂಡನ ಅಣ್ಣನ ಕೈಯ ಹಾರೆಗೆ ಕೈ ಹಾಕಿದ. ಅಣ್ಣ ಬಿಡಲಿಲ್ಲ. ಇಬ್ಬರೂ ಹಿಡಿದು ನಿಂತರು. ಧಣಿಯ ಕೈ ಹಾರೆ ಹಿಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹಿಡಿಯಲು ಬರುತ್ತಿರಲಿಲ್ಲ. ಜಾರಿತು.

ಒಪ್ಪಿಸೋ ಸಾಹೇಬ ನಡುವೆ ಬಂದ. ನಮ್ಮ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ.

“ತಾಯಿ, ತಪ್ಪಾಗಿದೆ. ಗೊತ್ತಿರ್ಲಿಲ್ಲ...”

“ಗೊತ್ತಿತ್ತು” ಎಂದೆ ನಾನು. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ನಿಮ್ಮ ಆಫೀಸಿಗೆ ಬಂದು ಹೇಳಿದ್ವಿ. ನೀರು ಕೊಟ್ರಿ. ಕುಡಿದ್ವಿ.”

ಅವನು ತಲೆ ತಗ್ಗಿಸಿದ. ಮತ್ತೆ ಶುರು ಮಾಡಿದ. ಅವನ ಕೆಲಸವೇ ಅದು. “ಸಿಕ್ಕಿದ್ದನ್ನೆಲ್ಲ ಮರ್ಯಾದೆಯಿಂದ ಬೇರೆ ಕಡೆಗೆ ಸಾಗಿಸೋಣ. ಖರ್ಚು ಕಂಪನಿದು.”

“ಎಲ್ಲಿಗೆ?” ಎಂದಳು ಅತ್ತೆ.

ಅವನು ಸುತ್ತ ನೋಡಿದ. ಆ ಕಡೆ ಧಣಿಯ ಹೊಲ. ಈ ಕಡೆ ಧಣಿಯ ತಮ್ಮನ ಹೊಲ. ಅದರಾಚೆ ಇನ್ನೊಬ್ಬನದು. ಕಣ್ಣು ಹೋದಷ್ಟು ದೂರ ಯಾರದೋ ಹೆಸರಿನ ನೆಲ.

“ಎಲ್ಲಿಗೆ ಸ್ವಾಮಿ? ಜಾಗ ಹೇಳಿ, ನಾವೇ ಹೊತ್ಕೊಂಡು ಹೋಗ್ತೀವಿ.”

ಅವನು ರಸ್ತೆಯ ಕೆಳಗಡೆ ಕೈ ತೋರಿಸಿದ.

“ಲಾರಿಗಳು ಕಾಯ್ತಿವೆಯಮ್ಮ. ಕೆಳಗೆ ಸಾಲು ನಿಂತಿದೆ. ಎಷ್ಟು ಹೊತ್ತು ಅಗೀತೀರಿ?”

“ಸಿಗೋವರೆಗೂ” ಎಂದಳು ಓರಗಿತ್ತಿ. ಹೆಂಟೆ ಒಡೆಯುವುದನ್ನು ನಿಲ್ಲಿಸಲೇ ಇಲ್ಲ.

*

ಪೊಲೀಸರು ಬಂದರು. ನನ್ನ ಗಂಡನನ್ನೂ ಅವನ ಅಣ್ಣನನ್ನೂ ಕರೆದೊಯ್ದರು. ಹೊಡೆದು ಬಿಟ್ಟರು. ಆದರೆ ರಸ್ತೆ ಅಷ್ಟು ಹೊತ್ತಿಗೆ ರಸ್ತೆಯಾಗಿ ಉಳಿದಿರಲಿಲ್ಲ. ಹೆಂಗಸರು ಮಾರನೆಯ ದಿನವೂ ಕೂತೆವು, ಅದರ ಮಾರನೆಯ ದಿನವೂ ಕೂತೆವು. ಲಾರಿಯವರು ಸುತ್ತು ಹಾಕಿ ಹೋದರು. ಕೆಲಸ ನಿಂತದ್ದಕ್ಕೆ ಕಂಪನಿಯ ಮೇಲಿನವರು ಗದರಿದರಂತೆ. ಒಪ್ಪಿಸೋ ಸಾಹೇಬ ಮತ್ತೆ ಧಣಿಯ ಕುರ್ಚಿಯಲ್ಲಿ ಕೂತ. ಕೊನೆಗೆ ಟವರ್ ಧಣಿಯ ನೀರಾವರಿ ಹೊಲದಲ್ಲೇ ನಿಂತಿತು, ಬೆಳೆಯ ನಟ್ಟನಡುವೆ. ಮೂಲೆ ನಮ್ಮದಾಗಲಿಲ್ಲ. ಧಣಿಯದಾಗಿಯೇ ಉಳಿಯಿತು. ಮತ್ತೆ ಯಾರೂ ಅಗೆಯಲಿಲ್ಲ, ಅಷ್ಟೇ. ತಂತಿ ಅದರ ಮೇಲೆಯೇ ಹಾದುಹೋಗಿದೆ. ಅಡಿಯಲ್ಲಿ ನಿಂತರೆ ಗುಂಯ್ ಎನ್ನುತ್ತದೆ. ಅಷ್ಟು ಸದ್ದಿನಲ್ಲಿ ಮಕ್ಕಳು ಹೇಗೆ ಮಲಗುತ್ತವೆಯೋ.

ಧಣಿ ಮಾತು ಉಳಿಸಿಕೊಂಡ. ಅವನ ಹೊಲದಲ್ಲಿ ನಮಗೆ ಕೆಲಸವಿಲ್ಲ. ಅವನನ್ನು ನೋಡಿ ಸುತ್ತಲಿನವರೂ ಕರೆಯುವುದಿಲ್ಲ. ಈಗ ನಾನೂ ಓರಗಿತ್ತಿಯೂ ದೂರದ ಇಟ್ಟಿಗೆ ಗೂಡಿಗೆ ಹೋಗುತ್ತೇವೆ. ಡಾಂಬರು ರಸ್ತೆಯಲ್ಲಿ ತುಂಬ ದೂರ ನಡೆಯಬೇಕು. ಆ ಲಾರಿಗಳು ಓಡಾಡುತ್ತಿದ್ದ ರಸ್ತೆ.

ಎಲ್ಲ ಮಣ್ಣನ್ನೂ ತಂದೆವೋ ಇಲ್ಲವೋ ಗೊತ್ತಿಲ್ಲ. ತಲೆಬಟ್ಟೆಯಲ್ಲಿ ಸುತ್ತಿದ್ದು ಒಂದೇ ಮಗು. ಇನ್ನೊಂದು ಸಿಗಲೇ ಇಲ್ಲ. ಮೂಲೆಯಲ್ಲೇ ಉಳಿದಿದೆಯೋ, ಚಕ್ರಕ್ಕೆ ಮೆತ್ತಿ ಯಾವ ಊರಿನ ಬೀದಿಗೆ ಹೋಯಿತೋ. ಅದು ನನ್ನದೋ ಅವಳದೋ. ನಾವು ಅದರ ಮಾತು ಎತ್ತುವುದಿಲ್ಲ.

ಒಂದು ದಿನ ನಡೆಯುತ್ತಿರುವಾಗ ಅವಳು ನನ್ನ ಬರಿಗಾಲು ನೋಡಿದಳು.

“ಯಾಕೆ ಹಿಂಗೆ ನಡೀತಿದ್ದೀಯಾ? ಮುಳ್ಳು ಚುಚ್ಚಿದೆಯಾ?”

“ಇಲ್ಲಕ್ಕ.”

ಅವಳು ಸ್ವಲ್ಪ ದೂರ ರಸ್ತೆ ನೋಡುತ್ತ ಬಂದಳು. ಆಮೇಲೆ ನಿಂತು, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಮಲಗಿದ ಮಗುವಿನ ಪಕ್ಕದಿಂದ ಎದ್ದು ಬರುವವಳಂತೆ, ಸದ್ದಾಗದ ಹಾಗೆ ಹೆಜ್ಜೆಯಿಡುತ್ತ ನನ್ನ ಜೊತೆ ನಡೆದಳು.